ಉಗುರು ಕಚ್ಚುವ ಚಟ: ಕುಂದಾಪುರ ಸೀಮೆಯ ಒಂದು ಚರಿತ್ರೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಮೂರು ತಾಲ್ಲೂಕುಗಳಾಗಿ ಈಗ ಹಂಚಿಹೋಗಿರುವ ಸೀಮೆ 1997ರಲ್ಲಿ ಉಡುಪಿ ಜಿಲ್ಲೆ ರಚನೆಯಾಗುವವರೆಗೆ ದಕ್ಷಿಣ ಕನ್ನಡಕ್ಕೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಮದ್ರಾಸಿನ ಆಡಳಿತದಲ್ಲಿತ್ತು. ಅದಕ್ಕೂ ಹಿಂದೆ, 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ, ಕಂಪನಿ ಸರ್ಕಾರದ ಕೆನರಾ ಜಿಲ್ಲೆಯ ಒಂದು ಭಾಗವಾಗಿತ್ತು. ಆಳುವವರು ಎಷ್ಟು ಸಲ ಬದಲಾದರೂ ಕುಂದಗನ್ನಡವೆಂಬ ಆಡುಮಾತು, ಬಡಗುತಿಟ್ಟಿನ ಯಕ್ಷಗಾನ ಮತ್ತು ಮಳೆಗಾಲದ ಗದ್ದೆ ಕೆಲಸ ಈ ಸೀಮೆಯನ್ನು ಒಂದಾಗಿ ಹಿಡಿದಿಟ್ಟವು. ಇಂಥ ಪ್ರದೇಶದಲ್ಲಿ ಉಗುರು ಕಚ್ಚುವ ಚಟಕ್ಕೆ ಒಂದು ಚರಿತ್ರೆ ಇದೆಯೆಂದರೆ ವಿಚಿತ್ರವೆನಿಸಬಹುದು. ಬಾರಕೂರಿನ ಶಾಸನಗಳು ದಾನದತ್ತಿಗಳನ್ನು ನಮೂದಿಸುತ್ತವೆಯೇ ಹೊರತು ಯಾರ ಬೆರಳು ಯಾರ ಬಾಯಲ್ಲಿತ್ತು ಎಂಬುದನ್ನು ಹೇಳುವುದಿಲ್ಲ. ಆದರೂ ಚಟವನ್ನು ತಡೆಯಲು ಹಾಕಿದ ನಿಷೇಧಗಳು, ಉಗುರು ತೆಗೆಯುತ್ತಿದ್ದವರ ಕಸುಬು, ಶಾಲೆಯ ತಪಾಸಣೆ ಮತ್ತು ವೈದ್ಯರ ಪರಿಭಾಷೆ ಇವುಗಳ ಮೂಲಕ ಅದರ ಜಾಡು ಹಿಡಿಯಬಹುದು. ಮತ್ತು ಆ ಜಾಡು ಒಟ್ಟಾರೆ ಒಂದೇ ದಿಕ್ಕಿನಲ್ಲಿ, ಅಂದರೆ ಕೆಲಸವಿಲ್ಲದೆ ಕಾಯುತ್ತ ಕೂರಬೇಕಾದ ಕೈಗಳ ಕಡೆಗೆ, ಸಾಗುತ್ತದೆ.

ನಿಷೇಧ ಬಹಳ ಹಳೆಯದು. ಮನುಸ್ಮೃತಿಯ 4ನೆಯ ಅಧ್ಯಾಯದಲ್ಲಿ ಸ್ನಾತಕನ, ಎಂದರೆ ವೇದಾಧ್ಯಯನ ಮುಗಿಸಿ ಗೃಹಸ್ಥನಾಗಲು ಹೊರಟವನ, ನಡವಳಿಕೆಯನ್ನು ವಿಧಿಸುವಾಗ ಹಲ್ಲಿನಿಂದ ಉಗುರು ಕೀಳಬಾರದೆಂಬ ಮಾತು ಬರುತ್ತದೆ. ಹಾಗೆ ಮಾಡುವವನಿಗೆ ‘ನಖಖಾದಿ’ ಎಂಬ ಹೆಸರನ್ನೂ ಕೊಟ್ಟು ಅವನು ಬೇಗನೆ ನಾಶವಾಗುತ್ತಾನೆಂದು ಎಚ್ಚರಿಸಲಾಗಿದೆ. ಶಿಕ್ಷೆಯ ಮಾತು ಅತಿಯಾಯಿತೆನ್ನಬಹುದು. ಆದರೆ ಗಮನಿಸಬೇಕಾದದ್ದು ನಖಖಾದಿಯನ್ನು ಯಾರ ಪಕ್ಕದಲ್ಲಿ ಕೂರಿಸಲಾಗಿದೆ ಎಂಬುದನ್ನು: ಮಣ್ಣುಹೆಂಟೆಯನ್ನು ಸುಮ್ಮನೆ ಹಿಸುಕುವವನು ಮತ್ತು ಹುಲ್ಲಿನ ಎಸಳನ್ನು ಉಗುರಿನಿಂದ ಚಿವುಟುವವನು ಅದೇ ಸಾಲಿನಲ್ಲಿದ್ದಾರೆ. ಮೂರೂ ಕೆಲಸಗಳಲ್ಲಿ ಕೊಳೆ ಸಮಾನವಾಗಿಲ್ಲ, ಹಿಂಸೆಯೂ ಸಮಾನವಾಗಿಲ್ಲ. ಸಮಾನವಾಗಿರುವುದು ಉದ್ದೇಶವಿಲ್ಲದೆ ಆಡುವ ಕೈ. ಅದೇ ಸಾಲಿನಲ್ಲಿ ಚಾಡಿಕೋರನೂ ಇದ್ದಾನೆ ಎಂಬುದನ್ನು ನೋಡಿದರೆ, ಬೇಡದ ಕಡೆ ಆಡುವ ನಾಲಗೆಯನ್ನೂ ಸ್ಮೃತಿಕಾರ ಅದೇ ದೋಷಕ್ಕೆ ಸೇರಿಸಿದನೆಂದು ಊಹಿಸಲು ಅವಕಾಶವಿದೆ.

ಆಯುರ್ವೇದದ ನೋಟ ಬೇರೆ. ಅದರ ಪ್ರಕಾರ ದೇಹವನ್ನು ಧರಿಸುವ ಸಪ್ತಧಾತುಗಳಲ್ಲಿ ಒಂದೊಂದಕ್ಕೂ ಒಂದೊಂದು ಮಲ, ಅಂದರೆ ಪಾಕದ ಬಳಿಕ ಉಳಿಯುವ ಕಲ್ಮಷ, ಇರುತ್ತದೆ. ಉಗುರು ಮತ್ತು ರೋಮ ಮೂಳೆಯ ಮಲಗಳು. ಚರಕಸಂಹಿತೆಯ ಸೂತ್ರಸ್ಥಾನ ಕೂದಲು, ಗಡ್ಡ, ಉಗುರುಗಳನ್ನು ಪಕ್ಷಕ್ಕೆ ಮೂರು ಬಾರಿ, ಎಂದರೆ ಸುಮಾರು 5 ದಿನಕ್ಕೊಮ್ಮೆ, ತೆಗೆಸಬೇಕೆನ್ನುತ್ತದೆ. ಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಈ ಲೆಕ್ಕದಲ್ಲಿ ಪ್ರತಿ ಸಲವೂ ತೆಗೆಯಬೇಕಾದದ್ದು ಅರ್ಧ ಮಿಲಿಮೀಟರ್ ಮಾತ್ರ. ಹಲ್ಲಿಗೆ ಸಿಗುವಷ್ಟು ಉಗುರು ಉಳಿಯುವುದೇ ಇಲ್ಲ. ಈ ವಿಧಿ ಹಾಗೆಯೇ ನಡೆದಿದ್ದರೆ ಚಟಕ್ಕೆ ಎಡೆಯೇ ಇರುತ್ತಿರಲಿಲ್ಲ. ನಡೆಯಲಿಲ್ಲವೆಂಬುದಕ್ಕೆ ಕಾರಣಗಳನ್ನು ಕ್ಷೌರದ ಕಸುಬಿನಲ್ಲಿ ಮತ್ತು ಪಂಚಾಂಗದಲ್ಲಿ ಹುಡುಕಬೇಕು.

ಅದಕ್ಕೆ ಮೊದಲು ಒಂದು ವಿರೋಧಾಭಾಸವನ್ನು ಹೇಳಬೇಕಾಗಿದೆ. ದೇಹದಿಂದ ಬೇರ್ಪಟ್ಟ ಉಗುರು ಮೈಲಿಗೆಯಾದರೂ ದೇವರ ಉಗುರು ಈ ಕರಾವಳಿಯಲ್ಲಿ ನಿತ್ಯ ಸ್ತುತಿಗೆ ವಿಷಯವಾಗಿದೆ. ಬ್ರಹ್ಮಾವರ ತಾಲ್ಲೂಕಿನ ಸಾಲಿಗ್ರಾಮದ ಗುರುನರಸಿಂಹ ಕೋಟ ಬ್ರಾಹ್ಮಣರ ಆರಾಧ್ಯದೈವ. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ನರಸಿಂಹನ ಉಗುರುಗಳನ್ನೇ ಕುರಿತು ಎರಡು ಶ್ಲೋಕಗಳ ನಖಸ್ತುತಿಯನ್ನು ರಚಿಸಿದ್ದಾರೆ. ತ್ರಿವಿಕ್ರಮ ಪಂಡಿತಾಚಾರ್ಯರ ವಾಯುಸ್ತುತಿಯನ್ನು ಪಠಿಸುವವರು ಅದರ ಮೊದಲಿಗೂ ಕೊನೆಗೂ ಈ ಶ್ಲೋಕಗಳನ್ನು ಹೇಳುವ ಸಂಪ್ರದಾಯವಿದೆ. ಯಾವ ಆಯುಧದಿಂದಲೂ ಸಾಯದ ವರ ಪಡೆದ ಹಿರಣ್ಯಕಶಿಪು ಉಗುರಿಗೆ ಬಲಿಯಾದ ಕಥೆಯನ್ನು ಈ ಸೀಮೆಯ ಮಕ್ಕಳು ಪುಸ್ತಕದಲ್ಲಿ ಓದುವುದಕ್ಕಿಂತ ಮೊದಲು ಬಯಲಾಟದಲ್ಲಿ ನೋಡುತ್ತಿದ್ದರು. ರಂಗಸ್ಥಳದಲ್ಲಿ ನರಸಿಂಹ ಕಂಬ ಒಡೆದು ಬರುವ ಕ್ಷಣಕ್ಕಾಗಿ ನಿದ್ದೆಗೆಟ್ಟು ಕಾಯುತ್ತ ಕುಳಿತ ಹುಡುಗರ ಬೆರಳುಗಳು ಎಲ್ಲಿರುತ್ತಿದ್ದವೆಂಬುದನ್ನು ಊಹಿಸುವುದು ಕಷ್ಟವಲ್ಲ.

ಉಗುರು ತೆಗೆಯುವುದು ಹಿಂದೆ ಪ್ರತಿಯೊಬ್ಬನೂ ತನಗೆ ತಾನೇ ಮಾಡಿಕೊಳ್ಳುವ ಕೆಲಸವಾಗಿರಲಿಲ್ಲ. ಅದು ಕ್ಷೌರಿಕನ ಕಸುಬಿನ ಒಂದು ಅಂಗವಾಗಿತ್ತು. ಈ ಕಸುಬಿನ ಸಮುದಾಯವನ್ನು ಹಳೆಯ ಬರಹಗಳು ‘ಕೆಲಸಿ’ ಎಂದು ಗುರುತಿಸಿದರೆ ಕರಾವಳಿಯಲ್ಲಿ ಇಂದು ‘ಭಂಡಾರಿ’ ಎಂಬ ಹೆಸರು ರೂಢಿಯಲ್ಲಿದೆ; ಬ್ರಹ್ಮಾವರ ತಾಲ್ಲೂಕಿನ ಬಾರಕೂರಿನಲ್ಲಿರುವ ಕಚ್ಚೂರು ನಾಗೇಶ್ವರ ದೇವಸ್ಥಾನ ಭಂಡಾರಿ ಸಮಾಜದ ಕುಲದೇವರ ಸನ್ನಿಧಿ. ವಿಜಯನಗರದ ಕಾಲದಲ್ಲಿ ಒಂದು ರಾಜ್ಯಕ್ಕೇ, ಎಂದರೆ ಪ್ರಾಂತಕ್ಕೇ, ಹೆಸರು ಕೊಟ್ಟ ಈ ಊರಿನಲ್ಲಿ ಸಮುದಾಯದ ಮೂಲಸ್ಥಾನವಿರುವುದು, ನಗರ ಮತ್ತು ಅರಮನೆಗಳ ಸುತ್ತ ಈ ಕಸುಬಿಗೆ ಒಂದು ಗೌರವದ ನೆಲೆ ಇದ್ದಿರಬಹುದೆಂಬ ಊಹೆಗೆ ದಾರಿ ಮಾಡಿಕೊಡುತ್ತದೆ. ಹಳ್ಳಿಯಲ್ಲಿ ಕ್ಷೌರಿಕನಿಗೆ ಗೊತ್ತುಪಡಿಸಿದ ಮನೆಗಳಿರುತ್ತಿದ್ದವು. ಕೂಲಿ ಪ್ರತಿ ಸಲದ ಕಾಸಾಗಿರದೆ ಕೊಯ್ಲಿನ ಬಳಿಕ ಸಲ್ಲುವ ಭತ್ತ ಅಥವಾ ಅಕ್ಕಿಯಾಗಿರುತ್ತಿತ್ತು. ಅಂಗಳದ ಅಂಚಿನಲ್ಲೋ ಹಟ್ಟಿಯ ಮಗ್ಗುಲಲ್ಲೋ ಮಣೆ ಹಾಕಿಸಿಕೊಂಡು, ಮೊದಲು ಮುಖಕ್ಷೌರ, ಆಮೇಲೆ ತಲೆ, ಕೊನೆಗೆ ಉಗುರು ಎಂಬ ಕ್ರಮದಲ್ಲಿ ಕೆಲಸ ಸಾಗುತ್ತಿತ್ತು. ಉಗುರಿಗೆ ಬೇರೆಯೇ ಆದ ಸಣ್ಣ ಉಳಿಯಂಥ ಕಬ್ಬಿಣದ ಹತಾರವಿತ್ತು. ಬೆರಳನ್ನು ನೀರಿನಿಂದ ನೆನೆಸಿ, ಎಡಗೈಯ ಹೆಬ್ಬೆರಳಿನಿಂದ ಉಗುರುಗಣ್ಣಿನ ಮಾಂಸವನ್ನು ಹಿಂದಕ್ಕೆ ಒತ್ತಿ ಹಿಡಿದು, ಉಳಿಯ ಮೂಲೆಯನ್ನು ಒಂದು ಬದಿಯಿಂದ ಊರಿ ಕಮಾನಿನಂತೆ ತಿರುಗಿಸಿದರೆ ಉಗುರಿನ ಬೆಳೆದ ಭಾಗ ತುಂಡಾಗದೆ ಒಂದೇ ಎಳೆಯಾಗಿ ಬರಬೇಕು. ಕಾಲಿನ ಉಗುರಿಗೆ ಗಿರಾಕಿಯ ಪಾದವನ್ನು ತನ್ನ ಮೊಣಕಾಲಿನ ಮೇಲಿಟ್ಟುಕೊಳ್ಳಬೇಕು. ರಕ್ತ ಬಾರದಂತೆ, ಮೂಲೆಯಲ್ಲಿ ಮುಳ್ಳು ಉಳಿಯದಂತೆ ತೆಗೆಯುವುದೇ ಕೈಚಳಕ. ಮೂಲೆಯಲ್ಲಿ ಮುಳ್ಳು ಉಳಿದರೆ ಅದು ಬಟ್ಟೆಗೆ ಸಿಕ್ಕುತ್ತದೆ, ಬೆರಳು ಅದನ್ನು ಮತ್ತೆ ಮತ್ತೆ ಹುಡುಕುತ್ತದೆ, ಕೊನೆಗೆ ಹಲ್ಲು ಕೆಲಸಕ್ಕಿಳಿಯುತ್ತದೆ. ಚಟ ಅಂಟಿಕೊಳ್ಳುವ ದಾರಿಗಳಲ್ಲಿ ಇದೂ ಒಂದು ಎಂಬುದನ್ನು ಇಂದಿನ ಚರ್ಮವೈದ್ಯರೂ ಒಪ್ಪುತ್ತಾರೆ.

ಕ್ಷೌರಿಕ ಬಂದ ದಿನವೆಲ್ಲ ಕ್ಷೌರಕ್ಕೆ ಆಗಿಬರುತ್ತಿರಲಿಲ್ಲ. ಮಂಗಳವಾರ, ಶುಕ್ರವಾರ, ಶನಿವಾರ ಉಗುರು ತೆಗೆಯಬಾರದು; ಅಮಾವಾಸ್ಯೆ, ಏಕಾದಶಿ, ಜನ್ಮನಕ್ಷತ್ರದ ದಿನ ಕೂಡದು; ಸಾವಿನ ಸೂತಕದ 10 ದಿನ ಕೂಡದು; ಹೆಂಡತಿ ಬಸುರಿಯಾಗಿದ್ದರೆ ಗಂಡ ಕ್ಷೌರ ಬಿಡಬೇಕೆಂಬ ರೂಢಿಯಿತ್ತು; ಶಬರಿಮಲೆಗೆ ಮಾಲೆ ಹಾಕಿದವರು ಇಂದಿಗೂ ವ್ರತ ಮುಗಿಯುವವರೆಗೆ ಕೂದಲು, ಉಗುರು ಮುಟ್ಟುವುದಿಲ್ಲ. ಇವೆಲ್ಲಕ್ಕೂ ಮೇಲೆ ದೀಪ ಹೊತ್ತಿಸಿದ ಬಳಿಕ ಉಗುರು ತೆಗೆಯುವಂತಿಲ್ಲ. ಈ ಕೊನೆಯ ನಿಷೇಧಕ್ಕೆ ಎಣ್ಣೆದೀಪದ ಮಂಕು ಬೆಳಕು, ಹರಿತವಾದ ಕಬ್ಬಿಣ, ಬರಿಗಾಲಿಗೆ ಚುಚ್ಚುವ ತುಣುಕು ಎಂಬ ವಿವರಣೆಯನ್ನು ಈಚಿನವರು ಕೊಡುವುದುಂಟು. ಅದರಲ್ಲಿ ಸತ್ಯವಿಲ್ಲವೆನ್ನಲಾಗದು; ಆದರೆ ನಿಷೇಧ ಪಾಲಿಸುತ್ತಿದ್ದವರ ಮನಸ್ಸಿನಲ್ಲಿದ್ದದ್ದು ಮನೆಗೆ ಲಕ್ಷ್ಮಿ ಬರುವ ಹೊತ್ತು ಮತ್ತು ಮಾಟದ ಹೆದರಿಕೆ. ಕೂದಲು ಮತ್ತು ಉಗುರಿನ ಚೂರು ಶತ್ರುವಿನ ಕೈಗೆ ಸಿಕ್ಕಿದರೆ ಅದರಿಂದ ಅದರ ಒಡೆಯನಿಗೆ ಕೇಡು ಮಾಡಬಹುದೆಂಬ ನಂಬಿಕೆ ಲೋಕದ ಬಹಳಷ್ಟು ಕಡೆ ಇರುವಂತೆ ಇಲ್ಲಿಯೂ ಇತ್ತು. ಗೃಹ್ಯಸೂತ್ರಗಳು, ಅಂದರೆ ಮನೆಯಲ್ಲಿ ನಡೆಸುವ ಸಂಸ್ಕಾರಗಳ ವಿಧಿಗ್ರಂಥಗಳು, ಚೌಲ, ಎಂದರೆ ಮಗುವಿನ ಮೊದಲ ಮುಂಡನ, ಮತ್ತು ಸಮಾವರ್ತನ, ಎಂದರೆ ವೇದಾಧ್ಯಯನ ಮುಗಿಸುವ ಸಂಸ್ಕಾರ, ಇವುಗಳಲ್ಲಿ ತೆಗೆದ ಕೂದಲು ಉಗುರುಗಳನ್ನು ಸಗಣಿಯೊಡನೆ ಗೋಶಾಲೆಯಲ್ಲೋ ನೀರಿನ ಬದಿಯಲ್ಲೋ ಹೂಳಿಸುವುದರ ಹಿಂದೆಯೂ ಇಂಥದೊಂದು ಎಚ್ಚರ ಇದ್ದಂತಿದೆ. ಉಗುರು ಕಚ್ಚುವವನನ್ನು ಹಿರಿಯರು ಗದರುತ್ತಿದ್ದುದಕ್ಕೆ ಹೊಟ್ಟೆನೋವಿಗಿಂತ ಮೊದಲ ಕಾರಣ ಇದೇ: ಕಚ್ಚಿದ ಚೂರನ್ನು ಅವನು ಎಲ್ಲೆಂದರಲ್ಲಿ ಉಗುಳುತ್ತಾನೆ, ಜಗಲಿಯಲ್ಲೂ ಉಗುಳುತ್ತಾನೆ. ‘ಉಗ್ರ್ ಕಚ್ಚುಕಾಗ ಮಾಣಿ’ ಎಂದು ಅಜ್ಜಿ ಹೇಳಿದರೆ ಅದರ ಬೆನ್ನಿಗೇ ಬರುತ್ತಿದ್ದುದು ದಾರಿದ್ರ್ಯದ ಮಾತು.

ವಾರದ 7 ದಿನಗಳಲ್ಲಿ 3 ಹಾಗೆಯೇ ಕಳೆದುಹೋದರೆ, ಉಳಿದ 4ರಲ್ಲಿ ತಿಥಿ ನಕ್ಷತ್ರಗಳು ಇನ್ನಷ್ಟನ್ನು ಕಸಿದರೆ, ಕ್ಷೌರಿಕ ಬರುವ ದಿನವೂ ಒಳ್ಳೆಯ ದಿನವೂ ಕೂಡಿಬರಲು ತಿಂಗಳೇ ಕಳೆಯುವ ಸಂದರ್ಭಗಳಿದ್ದವು. ಮನೆಯಲ್ಲಿ ಉಗುರಿಗೆಂದೇ ಹತಾರವಿಲ್ಲದ ಕಾಲದಲ್ಲಿ ಹಲ್ಲೊಂದೇ ಸದಾ ಕೈಗೆಟುಕುವ ಸಾಧನ. ಆದ್ದರಿಂದ ಶಾಸ್ತ್ರ ಒಂದು ಕೈಯಲ್ಲಿ ನಿಷೇಧಿಸಿದ್ದನ್ನು ಪಂಚಾಂಗ ಇನ್ನೊಂದು ಕೈಯಲ್ಲಿ ಪ್ರೋತ್ಸಾಹಿಸಿತೆಂದರೆ ತಪ್ಪಾಗದು.

ಆದರೂ ಆ ಕಾಲದಲ್ಲಿ ದೊಡ್ಡವರಲ್ಲಿ ಈ ಚಟ ಹೆಚ್ಚು ಕಾಣಿಸಿರಲಾರದು. ನಟ್ಟಿಯ ಕಾಲದಲ್ಲಿ ಕೆಸರಿನಲ್ಲಿ ನೇಜಿ ಊರುವ ಬೆರಳಿನ ಉಗುರು ತಾನಾಗಿಯೇ ಸವೆದು ಮೆತ್ತಗಾಗುತ್ತದೆ; ಬದಿಯ ಚರ್ಮ ನೀರು ಕುಡಿದು ಬಾತು ಕೀವು ತುಂಬಿದರೆ ಅದೇ ಉಗುರುಸುತ್ತು. ಮೀನಿನ ಹುರುಪೆ ಕೀಳುವ, ಸಿಗಡಿಯ ಸಿಪ್ಪೆ ಸುಲಿಯುವ, ತೆಂಗಿನ ನಾರು ಬಿಡಿಸುವ ಬೆರಳನ್ನು ಬಾಯಿಗಿಡಲು ಯಾರಿಗೂ ಮನಸ್ಸಾಗದು. ಇನ್ನು ಕೆಲವು ಕಸುಬುಗಳಲ್ಲಿ ಉಗುರು ಬಂಡವಾಳವೇ ಆಗಿತ್ತು. ಬ್ರಹ್ಮಾವರಕ್ಕೆ ದಕ್ಷಿಣದ ಶಂಕರಪುರದಲ್ಲಿ ನೆಲೆಯೂರಿ ಸುತ್ತಲ ಊರುಗಳಿಗೆ ಹಬ್ಬಿದ ಉಡುಪಿ ಮಲ್ಲಿಗೆಯ ಕೃಷಿಯಲ್ಲಿ ಮೊಗ್ಗನ್ನು ಬೆಳಗಿನ ಜಾವವೇ ಕೊಯ್ದು, ಬಾಳೆನಾರನ್ನು ಉಗುರಿನಿಂದ ಎಳೆ ಎಳೆಯಾಗಿ ಸೀಳಿ, ಸುಮಾರು 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ಕಟ್ಟಬೇಕು. 20ನೆಯ ಶತಮಾನದಲ್ಲಿ ಮಂಗಳೂರಿನ ಬೀಡಿ ಉದ್ಯಮ ಬೆಳೆದು ಕುಂದಾಪುರದ ಹಳ್ಳಿಗಳ ತನಕ ಎಲೆ, ತಂಬಾಕು ತಲುಪಿದಾಗ ಮನೆಯ ಚಾವಡಿಯಲ್ಲೇ ಕುಳಿತು ಬೀಡಿ ಕಟ್ಟುವ ಹೆಂಗಸರು ಸುತ್ತಿದ ಎಲೆಯ ಬಾಯನ್ನು ಉಗುರಿನಿಂದಲೋ ಸಣ್ಣ ಲೋಹದ ಚೂರಿನಿಂದಲೋ ಒಳಕ್ಕೆ ಮಡಚುತ್ತಿದ್ದರು. ಅಂಥ ಉಗುರನ್ನು ಕಚ್ಚಿಕೊಂಡರೆ ಆ ದಿನದ ಮಜೂರಿಗೆ ಕತ್ತರಿ. ಅದಲ್ಲದೆ ತಂಬಾಕಿನ ಘಾಟು ಹತ್ತಿದ ಬೆರಳು ಬಾಯಿಗೆ ಹೋದರೆ ತಲೆ ಸುತ್ತುತ್ತದೆ. ದುಡಿಮೆ ಚಟಕ್ಕೆ ಮದ್ದಾಗಿತ್ತೆಂದು ಹೊಗಳುವ ಅಗತ್ಯವಿಲ್ಲ, ಏಕೆಂದರೆ ಆ ದುಡಿಮೆಯಿಂದ ಬೆರಳಿಗಾದ ಹಾನಿ ಚಟದಿಂದಾಗುವುದಕ್ಕಿಂತ ಹೆಚ್ಚು.

ಕಾಯುತ್ತ ಕೂರುವ ಕೈಗಳನ್ನು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರಿಸಿದ್ದು ಶಾಲೆ. 1920ರ ಮದ್ರಾಸ್ ಪ್ರಾಥಮಿಕ ಶಿಕ್ಷಣ ಕಾಯ್ದೆಯ ಬಳಿಕ ಜಿಲ್ಲೆಯಲ್ಲಿ ಶಾಲೆಗಳು ಹೆಚ್ಚಿದಂತೆ, ಗದ್ದೆಯಲ್ಲಿರಬೇಕಾಗಿದ್ದ ಮಕ್ಕಳು ಮಣೆಯ ಮೇಲೆ, ಆಮೇಲೆ ಬೆಂಚಿನ ಮೇಲೆ, ಗಂಟೆಗಟ್ಟಲೆ ಕೂರತೊಡಗಿದರು. ಮಗ್ಗಿ ಒಪ್ಪಿಸಲು ತಮ್ಮ ಸರದಿ ಬರುವ ತನಕ ಅವರಿಗೆ ಮಾಡಲು ಏನೂ ಇರುತ್ತಿರಲಿಲ್ಲ. ಚಟವನ್ನು ಬೆಳೆಸಿದ ಶಾಲೆಯೇ ಅದನ್ನು ಹಿಡಿಯುವ ಜಾಗವೂ ಆಯಿತು. ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳು ಎರಡೂ ಕೈಗಳನ್ನು ಅಂಗೈ ಕೆಳಗಾಗಿ ಚಾಚಿ ನಿಲ್ಲುವುದು, ಮಾಸ್ತರರು ಬೆತ್ತ ಹಿಡಿದು ಉಗುರು ನೋಡುತ್ತ ಸಾಗುವುದು, ಬೆಳೆದ ಉಗುರಿಗೂ ಕಚ್ಚಿದ ಉಗುರಿಗೂ ಗೆಣ್ಣಿನ ಮೇಲೆ ಒಂದೇ ಏಟು ಬೀಳುವುದು ಈ ಸೀಮೆಯ ಹಲವು ತಲೆಮಾರುಗಳಿಗೆ ಗೊತ್ತಿರುವ ದೃಶ್ಯ. ಏಟಿನ ಹೆದರಿಕೆಗೆ ಸಾಲಿನಲ್ಲಿ ನಿಂತೇ ಉಗುರನ್ನು ಹಲ್ಲಿನಿಂದ ತೆಗೆಯುತ್ತಿದ್ದ ಹುಡುಗರಿದ್ದರೆಂದರೆ ತಪಾಸಣೆಯೇ ಚಟವನ್ನು ಕಲಿಸಿತೆನ್ನಬೇಕಾಗುತ್ತದೆ.

ಇದೇ ಹೊತ್ತಿಗೆ ನಿಷೇಧದ ಭಾಷೆ ಬದಲಾಯಿತು. 1920ರ ದಶಕದಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮದ್ರಾಸ್ ಪ್ರಾಂತದಲ್ಲಿ ಕೊಕ್ಕೆಹುಳುವಿನ ವಿರುದ್ಧ ಕಾರ್ಯಾಚರಣೆ ನಡೆಯಿತು. ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕ ದೇಹ ಸೇರುತ್ತದೆಯೇ ಹೊರತು ಉಗುರಿನ ಮೂಲಕವಲ್ಲ. ಉಗುರಿನ ಸಂದಿಯಲ್ಲಿ ಸಾಗುವುವು ಜಂತುಹುಳು ಮತ್ತು ದಾರದಂಥ ಸಣ್ಣ ಹುಳುಗಳ ಮೊಟ್ಟೆಗಳು. ಆದರೆ ಜನಸಾಮಾನ್ಯರ ತಿಳಿವಳಿಕೆಯಲ್ಲಿ ಎಲ್ಲವೂ ಕಲೆತು ‘ಉಗುರು ಕಚ್ಚಿದರೆ ಹೊಟ್ಟೆಯಲ್ಲಿ ಹುಳ’ ಎಂಬ ಒಂದೇ ಎಚ್ಚರಿಕೆಯಾಯಿತು. ದಾರಿದ್ರ್ಯ ಹೋಗಿ ಕ್ರಿಮಿ ಬಂತು. 2015ರ ಫೆಬ್ರವರಿಯಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ನುಂಗಿಸುವಾಗ ಉಗುರಿನ ಪಾಠವನ್ನು ಹೇಳುವ ಕ್ರಮ ಇದರ ಮುಂದುವರಿಕೆ. ಇದಕ್ಕೆ ಒಂದು ತುಂಟ ಅಪವಾದವನ್ನೂ ಸೇರಿಸಬಹುದು: ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1037 ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತ ಬಂದ ಅಧ್ಯಯನ 2016ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಬೆರಳು ಚೀಪುವ ಮತ್ತು ಉಗುರು ಕಚ್ಚುವ ಎರಡೂ ಅಭ್ಯಾಸವಿದ್ದ ಮಕ್ಕಳಲ್ಲಿ 13ನೆಯ ವಯಸ್ಸಿಗೆ ಚರ್ಮಪರೀಕ್ಷೆಯಲ್ಲಿ ಅಲರ್ಜಿಯ ಲಕ್ಷಣ ಕಂಡದ್ದು ಶೇ 31ರಲ್ಲಿ, ಎರಡೂ ಇಲ್ಲದವರಲ್ಲಿ ಶೇ 49ರಲ್ಲಿ. ಕೊಳೆಯ ಪರಿಚಯವಿದ್ದ ದೇಹ ಅದರ ಮೇಲೆ ಕಡಿಮೆ ಸಿಡುಕುತ್ತದೆ ಎಂಬುದು ಸಂಶೋಧಕರ ತರ್ಕ. ಚಟವನ್ನು ಪ್ರೋತ್ಸಾಹಿಸಲು ಇದು ಸಾಲದೆಂದು ಅವರೇ ಹೇಳಿದ್ದಾರೆ.

ಊರು ಬಿಟ್ಟ ಹುಡುಗರಿಗೆ ಉಗುರಿನ ಶಿಸ್ತನ್ನು ಕಲಿಸಿದ್ದು ಹೋಟೆಲು. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾಯಿತು; ಅದರ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿನ ಹೋಟೆಲುಗಳನ್ನು ನೋಡಿ ಬಂದು ಶುಚಿತ್ವದ ಕಟ್ಟುನಿಟ್ಟನ್ನು ತಂದರೆಂಬುದು ಪ್ರಸಿದ್ಧ. ಆಹಾರ ಮುಟ್ಟುವವರ ಉಗುರು ಕತ್ತರಿಸಿ ಚೊಕ್ಕಟವಾಗಿರಬೇಕೆಂಬುದು ಇಂದು ಕಾನೂನಿನ ನಿಯಮವೂ ಹೌದು.

ಕ್ಷೌರಿಕನ ಕೈಯಿಂದ ಉಗುರು ಜಾರಿದ್ದು ನಿಧಾನವಾಗಿ. ಮೊದಲು ಸೇಫ್ಟಿ ರೇಜರಿನ ಬ್ಲೇಡು ಮನೆಮನೆಗೆ ಬಂತು. ಗಡ್ಡಕ್ಕೆ ಮೊಂಡಾದ ಬ್ಲೇಡನ್ನು ಉದ್ದಕ್ಕೆ ಮುರಿದರೆ ಮನೆಮಂದಿಯ ಉಗುರಿಗೆಲ್ಲ ಸಾಕಾಗುತ್ತಿತ್ತು. ಅಮೆರಿಕದಲ್ಲಿ 1881ರಷ್ಟು ಹಿಂದೆಯೇ ಪೇಟೆಂಟ್ ಆಗಿದ್ದ ಮಾದರಿಯ ನೇಲ್ ಕಟರ್ ಈ ಕಡೆಯ ಸಂತೆ ಜಾತ್ರೆಗಳಿಗೆ ತಲುಪಲು ಬಹುಕಾಲ ಹಿಡಿಯಿತು. ಕೋಟೇಶ್ವರದ ಕೊಡಿಹಬ್ಬದಲ್ಲಿ ನವದಂಪತಿಗಳು ಕಬ್ಬು ಕೊಳ್ಳುವ ಸಾಲಿನ ಆಚೆ ಬಳೆ, ಬಾಚಣಿಗೆಗಳ ಅಂಗಡಿಯಲ್ಲಿ ಕೀಲಿಗೊಂಚಲಿಗೆ ಸಿಕ್ಕಿಸಿದ ಕಟರ್ ಈಗ ಮಾಮೂಲು ಸರಕು. ಇದಕ್ಕಿಂತ ಹೆಚ್ಚು ಪರಿಣಾಮ ಮಾಡಿದ್ದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಎಂದು ತೋರುತ್ತದೆ. ಗೇಣಿಯ ಅಕ್ಕಿ ಧಣಿಯ ಕಣಜಕ್ಕೆ ಬರುವುದು ನಿಂತ ಮೇಲೆ ಆ ಕಣಜದಿಂದ ಕಸುಬಿನವರಿಗೆ ಸಲ್ಲುತ್ತಿದ್ದ ಪಾಲೂ ನಿಂತಿತು. ಮನೆಗೆ ಹೋಗಿ ಮಣೆ ಹಾಕಿಸಿಕೊಳ್ಳುತ್ತಿದ್ದವರ ಮಕ್ಕಳು ಪೇಟೆಯಲ್ಲಿ ಸೆಲೂನ್ ತೆರೆದು ಗಿರಾಕಿಯನ್ನೇ ತಮ್ಮಲ್ಲಿಗೆ ಬರಿಸಿಕೊಂಡರು. ಅದು ಕಸುಬಿನ ಘನತೆಗೆ ಆದ ಲಾಭ. ಆದರೆ ಸೆಲೂನಿನ ದರಪಟ್ಟಿಯಲ್ಲಿ ಉಗುರಿಗೆ ಜಾಗವಿರಲಿಲ್ಲ. ಉಗುರು ಅವರವರ ಪಾಲಿಗೆ ಬಿತ್ತು.

ಉಗುರು ಕಚ್ಚುವುದನ್ನು ಮನಸ್ಸಿನ ವಿಷಯವಾಗಿ ನೋಡುವ ಪದ್ಧತಿ ಯೂರೋಪಿನಲ್ಲಿ 19ನೆಯ ಶತಮಾನದ ಕೊನೆಗೆ ಕಾಣಿಸಿಕೊಂಡಿತು. ಗ್ರೀಕ್ ಮೂಲದ ಒನಿಕೊಫೇಜಿಯಾ ಎಂಬ ಹೆಸರಿನಡಿ ಫ್ರಾನ್ಸಿನ ಎಡ್ಗಾರ್ ಬೆರಿಯೋಂ ಇದನ್ನು ವಂಶದ ಅವನತಿಯ ಗುರುತೆಂದು ಎಣಿಸಿ ಸಂಮೋಹನದಿಂದ ಗುಣಪಡಿಸಲು ಹೊರಟಿದ್ದ. ಆ ವಾದ ಬಿದ್ದುಹೋಯಿತು. 2013ರ ಅಮೆರಿಕನ್ ಮನೋವೈದ್ಯ ಕೈಪಿಡಿಯ 5ನೆಯ ಆವೃತ್ತಿ ಇದನ್ನು ದೇಹದ ಮೇಲೆಯೇ ಮರುಕಳಿಸುವ ವರ್ತನೆಗಳ ಗುಂಪಿನಲ್ಲಿ, ಗೀಳಿನ ಕಾಯಿಲೆಗಳ ನೆರೆಯಲ್ಲಿ ಇರಿಸಿದೆ. ತೀವ್ರವಾಗಿ ಬಾಧಿಸಿದಾಗಲಷ್ಟೇ ಕಾಯಿಲೆ, ಉಳಿದಂತೆ ಅಭ್ಯಾಸ. ಈ ಸೀಮೆಯ ಜನರಿಗೆ ಇಂಥ ವೈದ್ಯ ಹತ್ತಿರವಾದದ್ದು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1965ರಲ್ಲಿ ದಂತವೈದ್ಯ ಕಾಲೇಜು ಆರಂಭವಾದ ಮೇಲೆ. ಉಗುರು ಕಚ್ಚುವವರು ಮನೋವೈದ್ಯರಿಗಿಂತ ಮೊದಲು ದಂತವೈದ್ಯರ ಕಣ್ಣಿಗೆ ಬೀಳುವುದು ಸಹಜ, ಏಕೆಂದರೆ ಮುಂಬಲ್ಲಿನ ಅಂಚು ಚೂರಾಗಿ ಸವೆದಿರುತ್ತದೆ. ಇನ್ನು ಮನಸ್ಸಿನ ಮೇಲಿನ ಒತ್ತಡಕ್ಕೆ ಪರೀಕ್ಷೆಯೇ ಉದಾಹರಣೆ: 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೆ ಮೊದಲ ಸ್ಥಾನ ಪಡೆಯಿತು. ಅಂಥ ಸ್ಥಾನವನ್ನು ಗಳಿಸುವ ಹೊರೆ ಯಾರ ಬೆರಳ ತುದಿಯ ಮೇಲೆ ಬೀಳುತ್ತದೆಂಬುದನ್ನು ಪರೀಕ್ಷೆಯ ಹಿಂದಿನ ತಿಂಗಳುಗಳಲ್ಲಿ ಯಾವ ತರಗತಿಯಲ್ಲಾದರೂ ನೋಡಬಹುದು.

ಮನೆಮದ್ದು ಎಂದಿನಂತೆ ಕಹಿ: ಬೇವಿನ ಎಣ್ಣೆ, ಹಾಗಲದ ರಸ, ಮೊಲೆ ಬಿಡಿಸಲು ಬಳಸುತ್ತಿದ್ದ ಲೋಳೆಸರ. ಔಷಧಿ ಅಂಗಡಿಯ ಕಹಿ ಲೇಪವೂ ಅದೇ ತತ್ತ್ವದ್ದು. ಅದರಲ್ಲಿರುವ ಡಿನಟೋನಿಯಂ ಎಂಬ ಅತಿ ಕಹಿ ವಸ್ತು 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಆಕಸ್ಮಿಕವಾಗಿ ದೊರೆತದ್ದು. ಕಹಿ ಚಟವನ್ನು ನೆನಪಿಸುತ್ತದೆ, ಬಿಡಿಸುವುದು ಅಪರೂಪ. ಕಹಿಗೆ ನಾಲಗೆ ಒಗ್ಗಿದ ಮಕ್ಕಳು ಎಲ್ಲ ಕಾಲದಲ್ಲೂ ಇದ್ದಾರೆ. 1973ರಲ್ಲಿ ಅಮೆರಿಕದ ನೇಥನ್ ಆಜ್ರಿನ್ ಮತ್ತು ಗ್ರೆಗರಿ ನನ್ ರೂಪಿಸಿದ ಅಭ್ಯಾಸ ಪರಿವರ್ತನೆಯ ವಿಧಾನ ಬೇರೆ ದಾರಿ ಹಿಡಿಯಿತು: ಕೈ ಬಾಯಿಗೆ ಏರುವ ಕ್ಷಣವನ್ನು ಗುರುತಿಸಲು ಕಲಿಸಿ, ಆಗ ಮುಷ್ಟಿ ಕಟ್ಟುವುದೋ ಏನನ್ನಾದರೂ ಬಿಗಿಯಾಗಿ ಹಿಡಿಯುವುದೋ ಒಂದು ಕೆಲಸವನ್ನು ಕೆಲವು ನಿಮಿಷ ಆ ಕೈಗೆ ಕೊಡುವುದು. ಇಂದು ಈ ಚಟಕ್ಕೆ ಹೆಚ್ಚು ಆಧಾರವಿರುವ ಚಿಕಿತ್ಸೆ ಇದೇ. ಮುಸ್ಸಂಜೆಯಲ್ಲಿ ಜಗಲಿಯ ಮೇಲೆ ಉಗುರು ಕಚ್ಚುತ್ತ ಕುಳಿತ ಮಗುವಿನ ಮುಂದೆ ಹತ್ತಿಯ ಉಂಡೆ ಇಟ್ಟು ದೇವರ ದೀಪಕ್ಕೆ ಬತ್ತಿ ಹೊಸೆಯಲು ಹಚ್ಚುತ್ತಿದ್ದ ಹಿರಿಯರು ಇದಕ್ಕೆ ಯಾವ ಹೆಸರನ್ನೂ ಇಟ್ಟಿರಲಿಲ್ಲ, ಮತ್ತು ಅವರಿಗೆ ಬೇಕಾಗಿದ್ದದ್ದು ಮುಖ್ಯವಾಗಿ ಬತ್ತಿಯೇ.